5-0: ಇದೂ ಒಂದು ಫೈನಲ್ಲಾ?

ನಿದ್ದೆಗೆಟ್ಟವನು · ಜೂನ್ 1, 2025, ಬೆಳಗಿನ ಜಾವ 2:50

ಹನ್ನೆರಡೂವರೆಗೆ ಯುರೋಪಿನ ಕ್ಲಬ್ಬುಗಳ ಫುಟ್‌ಬಾಲ್ ಫೈನಲ್ ಅಂತ ಸಂಜೆಯೇ ಎರಡು ಗಂಟೆ ಮಲಗಿ, ಅಲಾರಂ ಇಟ್ಟು ಎದ್ದು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಕೂತೆ. 12ನೇ ನಿಮಿಷಕ್ಕೆ ಹಕೀಮಿ, 20ಕ್ಕೆ ಡುವೆ. ಕಾಫಿ ಆರುವ ಮೊದಲೇ ಫೈನಲ್ ಮುಗಿದಿತ್ತು. ಆಮೇಲೆ 63, 73, 86. ಪ್ಯಾರಿಸ್‌ನ ಪಿಎಸ್‌ಜಿ 5, ಇಟಲಿಯ ಇಂಟರ್ 0.

ನಾನು ಎರಡೂ ಟೀಮಿನವನಲ್ಲ. ಅದಕ್ಕೇ ಕೇಳುತ್ತಿದ್ದೇನೆ. ವರ್ಷವಿಡೀ ಕಾದ ಚಾಂಪಿಯನ್ಸ್ ಲೀಗ್ ಫೈನಲ್ ಹೀಗಿದ್ದರೆ ನೋಡುವವನಿಗೆ ಏನು ಸಿಕ್ಕಿತು? 2005ರ ಇಸ್ತಾಂಬುಲ್ ಫೈನಲ್ ನೋಡಿ. ಅರ್ಧಕ್ಕೆ 0-3 ಇದ್ದ ಲಿವರ್‌ಪೂಲ್ ಕಪ್ಪು ಎತ್ತಿತು. ಅದು ಫೈನಲ್. ನಿನ್ನೆಯದು ಪ್ರಾಕ್ಟೀಸ್. ಮೂರನೇ ಗೋಲ್ ಆದ ಮೇಲೆ ಟಿವಿ ಆರಿಸಿ, ಮಲಗೋಕೂ ಆಗದೆ ಫೋನಿನಲ್ಲಿ ಸ್ಕೋರ್ ನೋಡುತ್ತಾ ಕೂತಿದ್ದೆ.

ನೀಲಿಕಪ್ಪು ನಾಗ · ಜೂನ್ 1, 3:05

ನನ್ನ ಬಗ್ಗೆ ಸ್ವಲ್ಪ ಯೋಚಿಸು ಗುರು. ನೀನು ನಿದ್ದೆ ಕಳೆದುಕೊಂಡೆ ಅಷ್ಟೇ. ನಾನು 2010ರಿಂದ ಇಂಟರ್. ಮಿಲಿಟೊ ಎರಡು ಗೋಲ್ ಹೊಡೆದು ಬಾಯರ್ನನ್ನು ಮಲಗಿಸಿದ ರಾತ್ರಿ ಈ ಟೀಮಿಗೆ ಬಿದ್ದವನು. ಹದಿನೈದು ವರ್ಷಕ್ಕೆ ಈ ಬಹುಮಾನ.

ಮೊದಲ ಗೋಲ್ ಹೊಡೆದವನು ಯಾರು? ಹಕೀಮಿ. 2021ರಲ್ಲಿ ನಮಗೇ ಇಟಲಿಯ ಲೀಗ್ ಗೆಲ್ಲಿಸಿಕೊಟ್ಟವನು. ಅದೇ ಬೇಸಿಗೆಯಲ್ಲಿ ಕೈಯಲ್ಲಿ ಕಾಸಿಲ್ಲ ಅಂತ ಇದೇ ಪಿಎಸ್‌ಜಿಗೆ ಮಾರಿದೆವು. ಗೋಲ್ ಹೊಡೆದು ಕುಣಿಯಲಿಲ್ಲ, ಕೈ ಎತ್ತಿ ಕ್ಷಮೆ ಕೇಳಿದ. ಕುಣಿದಿದ್ದರೇ ಚೆನ್ನಾಗಿತ್ತು, ಬೈಯೋಕಾದರೂ ಆಗುತ್ತಿತ್ತು.

ನಾಲ್ಕನೆಯದು ಕ್ವಾರಾಟ್ಸ್‌ಕೇಲಿಯಾ. ಜನವರಿವರೆಗೆ ನಾಪೊಲಿಯಲ್ಲಿದ್ದವನು. ಅವನನ್ನು ಮಾರಿದ ಮೇಲೂ ನಾಪೊಲಿ ನಮ್ಮಿಂದ ಒಂದೇ ಒಂದು ಪಾಯಿಂಟಿನಲ್ಲಿ ಲೀಗ್ ಕಿತ್ತುಕೊಂಡಿತು. 82-81. ಅವನಿಲ್ಲದ ಟೀಮೂ ಹೊಡೆಯಿತು, ಅವನಿರುವ ಟೀಮೂ ಹೊಡೆಯಿತು. ಮಲಗುತ್ತೇನೆ.

ಕ್ಯಾಂಪ್‌ನೌ ಕಿಟ್ಟಿ · ಜೂನ್ 1, 8:40

ನಾಗ, ನೋವಿನಲ್ಲಿದ್ದೀಯ, ಆದರೂ ಹೇಳಲೇಬೇಕು. ಸೆಮಿಫೈನಲ್‌ನಲ್ಲಿ ನಮ್ಮ ಬಾರ್ಸಿಲೋನಾವನ್ನು ಎರಡು ಮ್ಯಾಚ್ ಸೇರಿ 7-6ಕ್ಕೆ ಕಳಿಸಿದಿರಲ್ಲ, ಇದಕ್ಕೇನಾ? 93ನೇ ನಿಮಿಷದಲ್ಲಿ 37 ವರ್ಷದ ಡಿಫೆಂಡರ್ ಅಚೆರ್ಬಿ ಸ್ಟ್ರೈಕರ್ ತರ ಬಂದು ಗೋಲ್ ಹೊಡೆದಾಗ ನಾನು ಚಪ್ಪಲಿ ಎಸೆದಿದ್ದೆ. ಆ ಅಚೆರ್ಬಿ ನಿನ್ನೆ ಎಲ್ಲಿದ್ದ?

ನೀಲಿಕಪ್ಪು ನಾಗ · ಜೂನ್ 1, 9:15

ಬಾಯರ್ನ್ ಕೈಲಿ 8-2 ತಿಂದವರು ಇಲ್ಲಿ ಮಾತಾಡಬಾರದು ಅಂತ ಒಂದು ರೂಲ್ ಹಾಕಿ ಯಾರಾದರೂ.

ನಮ್ಮವರಿಗೆ ಸುಸ್ತಾಗಿತ್ತು, ಅಷ್ಟೇ ವಿಷಯ. ಬಾರ್ಸಿಲೋನಾ ಜೊತೆ ಆಡಿದ ಆ ಎರಡು ಮ್ಯಾಚು ಜೀವ ಹಿಂಡಿ ಹಾಕಿತು. ಜೊತೆಗೆ ವಯಸ್ಸು. ಗೋಲ್‌ಕೀಪರ್ ಸೊಮ್ಮರ್, ಮಿಖಿತಾರ್ಯನ್ ಇಬ್ಬರಿಗೂ 36. ಎರಡು ಗೋಲ್ ಹೊಡೆದ ಡುವೆಗೆ ಇನ್ನೂ 20 ತುಂಬಿಲ್ಲ, ಬರೋ ಮಂಗಳವಾರ ಹುಟ್ಟುಹಬ್ಬವಂತೆ. ಐದನೆಯದು ಹೊಡೆದ ಮಯುಲುಗೆ 19. ಒಳಗೆ ಬಂದು ಎರಡೇ ನಿಮಿಷಕ್ಕೆ ಹೊಡೆದ. ನಮ್ಮ ಅಜ್ಜಂದಿರ ಮುಂದೆ ಕಾಲೇಜು ಹುಡುಗರನ್ನು ಬಿಟ್ಟಂಗಾಯಿತು.

ಹುಬ್ಬಳ್ಳಿ ಕೋಚಕ್ಕ · ಜೂನ್ 1, 10:30

ಸುಸ್ತಿನ ಮಾತು ಬಂತಲ್ಲ, ಕೂತು ಲೆಕ್ಕ ಹಾಕಿದೆ. ನಿನ್ನೆಯದು ಇಂಟರ್‌ಗೆ ಈ ಸೀಸನ್ನಿನ 59ನೇ ಮ್ಯಾಚ್. ಲೀಗ್ 38, ಚಾಂಪಿಯನ್ಸ್ ಲೀಗ್ 15, ಇಟಾಲಿಯನ್ ಕಪ್ 4, ಸೂಪರ್ ಕಪ್ 2. ಪಿಎಸ್‌ಜಿಗೆ 58ನೆಯದು. ಒಂದೇ ಒಂದು ಮ್ಯಾಚಿನ ವ್ಯತ್ಯಾಸ. ಬಾರ್ಸಿಲೋನಾ ಮ್ಯಾಚ್ ಮುಗಿದಿದ್ದು ಮೇ 6ಕ್ಕೆ. ಅಲ್ಲಿಂದ ಫೈನಲ್‌ಗೆ 25 ದಿನ.

ಆದರೆ ನಾಗನ ಮಾತು ಪೂರ್ತಿ ಸುಳ್ಳೂ ಅಲ್ಲ. ಪಿಎಸ್‌ಜಿ ಏಪ್ರಿಲ್ 5ಕ್ಕೇ ಲೀಗ್ ಗೆದ್ದು ಕೂತಿತ್ತು. ಆಮೇಲಿನ ಲೀಗ್ ಮ್ಯಾಚುಗಳಲ್ಲಿ ಬೇಕಾದವರಿಗೆ ರೆಸ್ಟ್ ಕೊಟ್ಟರು. ಇಂಟರ್ ಮೇ 23ರವರೆಗೆ, ಅಂದರೆ ಲೀಗಿನ ಕೊನೇ ರಾತ್ರಿವರೆಗೆ ನಾಪೊಲಿ ಹಿಂದೆ ಓಡುತ್ತಿತ್ತು. ಅದಕ್ಕೂ ಹಿಂದಿನ ವಾರ ಲಾಜಿಯೊ ವಿರುದ್ಧ 90ನೇ ನಿಮಿಷದ ಪೆನಾಲ್ಟಿ ಬಿಟ್ಟುಕೊಟ್ಟು 2-2 ಮಾಡಿಕೊಂಡರಲ್ಲ, ನನ್ನ ಪ್ರಕಾರ ತಲೆ ಸುಸ್ತಾಗಿದ್ದು ಅಲ್ಲಿ. ಕಾಲಿಗಿಂತ ಮೊದಲು ತಲೆ ಸುಸ್ತಾಗುತ್ತದೆ. ನಮ್ಮ ಶಾಲೆ ಹುಡುಗಿಯರಲ್ಲೂ ನೋಡಿದ್ದೇನೆ.

ಇಷ್ಟಾದರೂ 0-5 ಆಗೋಕೆ ಸುಸ್ತು ಒಂದೇ ಸಾಲದು. ಮಧ್ಯಾಹ್ನ ರೆಕಾರ್ಡಿಂಗ್ ಮತ್ತೆ ನೋಡಿ ಬರೆಯುತ್ತೇನೆ.

ಉಳ್ಳಾಲ ವಿಂಗರ್ · ಜೂನ್ 1, 11:00

ಎಂಥ ಲೆಕ್ಕ ಮಾರಾಯ್ರೆ ಇದು. ದುಡ್ಡು ಉಂಟು, ಗೆದ್ದರು. 2011ರಿಂದ ಕತಾರಿನವರ ಕೈಯಲ್ಲಿದೆ ಕ್ಲಬ್ಬು. ನೇಮಾರ್ ಒಬ್ಬನಿಗೇ 222 ಮಿಲಿಯನ್ ಯೂರೋ ಸುರಿದವರು. ನಾಳೆ ಯಾರಾದರೂ ಇಷ್ಟು ಸುರಿದರೆ ಅವರೂ 5-0 ಗೆಲ್ಲುತ್ತಾರೆ.

ಕ್ಯಾಂಪ್‌ನೌ ಕಿಟ್ಟಿ · ಜೂನ್ 1, 11:20

ಸುರಿದಾಗ ಗೆಲ್ಲಲಿಲ್ಲವಲ್ಲ, ಅದೇ ತಮಾಷೆ. ಮೆಸ್ಸಿ, ನೇಮಾರ್, ಎಂಬಾಪೆ ಮೂವರೂ ಒಟ್ಟಿಗೆ ಇದ್ದ ಎರಡು ವರ್ಷ ಫೈನಲ್ ಮೆಟ್ಟಿಲೇ ಹತ್ತಲಿಲ್ಲ. ಕಳೆದ ಬೇಸಿಗೆಯಲ್ಲಿ ಎಂಬಾಪೆ ಒಂದು ರೂಪಾಯಿ ಟ್ರಾನ್ಸ್‌ಫರ್ ಹಣವೂ ಬರದಂತೆ ಮ್ಯಾಡ್ರಿಡ್‌ಗೆ ಹೋದ. ಮುಂದಿನ ವರ್ಷವೇ ಕಪ್ಪು.

ಈಗಲೂ ಅವರೇನು ಬಡವರಲ್ಲ ಬಿಡಿ. ಡುವೆಗೇ 50 ಮಿಲಿಯನ್ ಕೊಟ್ಟಿದ್ದಾರೆ. ಆದರೆ ಈ ಸಲ ಓಡುವವರನ್ನು ಕೊಂಡರು.

ಇನ್ನೊಂದು. 2017ರಲ್ಲಿ ಪ್ಯಾರಿಸ್‌ನಲ್ಲಿ 4-0 ಸೋತು ಬಂದು ನಾವು ಮನೇಲಿ 6-1 ಹೊಡೆದಾಗ ನಮ್ಮ ಕೋಚ್ ಯಾರು? ನಿನ್ನೆ ಪಿಎಸ್‌ಜಿ ಕೋಚ್ ಆಗಿದ್ದ ಇದೇ ಲೂಯಿಸ್ ಎನ್ರಿಕೆ. ಅವತ್ತು ಪಿಎಸ್‌ಜಿ ಡಿಫೆನ್ಸ್‌ನಲ್ಲಿ ನಿಂತು ಆರು ತಿಂದವರಲ್ಲಿ ಮಾರ್ಕಿನ್ಯೋಸ್ ಒಬ್ಬ. ನಿನ್ನೆ ಕ್ಯಾಪ್ಟನ್ ಆಗಿ ಕಪ್ಪು ಎತ್ತಿದ. ಅವನನ್ನು ನೋಡಿ ನನಗೂ ಸ್ವಲ್ಪ ಖುಷಿಯಾಯಿತು, ಸುಳ್ಳೇಕೆ.

ಆಸ್ಟಿನ್ ಟೌನ್ ಅಂಕಲ್ · ಜೂನ್ 1, 12:10

ನಿದ್ದೆಗೆಟ್ಟವರೇ, ನಿಮ್ಮ ಪ್ರಶ್ನೆಗೆ ಬರುತ್ತೇನೆ. 1994, ಅಥೆನ್ಸ್. ಮಿಲಾನ್ 4, ಬಾರ್ಸಿಲೋನಾ 0. ಬಾರ್ಸಿಲೋನಾ ಗೆಲ್ಲುತ್ತದೆ ಅಂತಲೇ ಎಲ್ಲರ ಲೆಕ್ಕ. ಕ್ರೈಫ್ ಕೋಚು, ರೊಮಾರಿಯೊ, ಸ್ಟೊಯಿಚ್‌ಕೊವ್. ಮಿಲಾನ್‌ಗೆ ಬರೇಸಿಯೂ ಇಲ್ಲ, ಕೊಸ್ಟಾಕುರ್ಟಾನೂ ಇಲ್ಲ, ಇಬ್ಬರಿಗೂ ಸಸ್ಪೆನ್ಷನ್. ಡಿಫೆನ್ಸಿನ ನಡುಗಂಬವೇ ಇಲ್ಲದ ಟೀಮು. ಮಸ್ಸಾರೊ ಎರಡು, ಡೆಸೈಯಿ ಒಂದು. ನಡುವೆ ಸವಿಚೆವಿಚ್ ಬಾಕ್ಸಿನ ಬಲ ಮೂಲೆಯಿಂದ ಗೋಲ್‌ಕೀಪರ್ ತಲೆ ಮೇಲೆ ಎತ್ತಿ ಹಾಕಿದ ಆ ಗೋಲು. ನಾನು ಅದನ್ನು ಎಷ್ಟೋ ವರ್ಷ ಆದ ಮೇಲೆ ಒಂದು ಸವೆದ ಕ್ಯಾಸೆಟ್ಟಿನಲ್ಲಿ ನೋಡಿದೆ. ಸ್ಕೋರ್ ಗೊತ್ತಿದ್ದೂ ಎದ್ದು ನಿಂತೆ.

ಹಾಗೇ 1960, ಗ್ಲಾಸ್ಗೋ. ರಿಯಲ್ ಮ್ಯಾಡ್ರಿಡ್ 7, ಫ್ರಾಂಕ್‌ಫರ್ಟ್ 3. ಪುಷ್ಕಾಶ್ ನಾಲ್ಕು, ಡಿ ಸ್ಟೆಫಾನೊ ಮೂರು. ಅದೂ ಒನ್ ಸೈಡೆಡ್ಡೇ. ಅರವತ್ತೈದು ವರ್ಷವಾದರೂ ಜನ ಮಾತಾಡುತ್ತಾರೆ. 1-0 ಆದ ಫೈನಲ್‌ಗಳು ಎಷ್ಟೋ ಇವೆ, ಅದರಲ್ಲಿ ನಾಲ್ಕು ಹೇಳಿ ನೋಡೋಣ.

ಈ ಕಪ್ಪಿನ ಫೈನಲ್‌ನಲ್ಲಿ ಇಲ್ಲಿವರೆಗೆ ಯಾರೂ ನಾಲ್ಕಕ್ಕಿಂತ ಜಾಸ್ತಿ ಅಂತರದಲ್ಲಿ ಗೆದ್ದಿರಲಿಲ್ಲ. ನಿನ್ನೆ ಮೊದಲ ಸಲ ಐದು. ನೀವು ಟಿವಿ ಆರಿಸಿದ್ದು ಆ ಮ್ಯಾಚಿಗೆ!

ನಿದ್ದೆಗೆಟ್ಟವನು · ಜೂನ್ 1, 12:45

ಅಂಕಲ್, ಗೌರವ ಇಟ್ಟುಕೊಂಡೇ ಹೇಳುತ್ತೇನೆ. ನೀವು ಹೇಳಿದ್ದು ನೆನಪಿನ ಮಾತು. ಎಡವಿದವನನ್ನು ಇನ್ನೊಬ್ಬ ಒಂದೂವರೆ ಗಂಟೆ ತುಳಿಯುವುದನ್ನು ನೋಡುವುದು ಬೇರೆ. 2012ರ ಯೂರೋ ಫೈನಲ್ ನೆನಪಿದೆಯಾ? ಸ್ಪೇನ್ 4, ಇಟಲಿ 0. ಇಟಲಿ ಮೂರೂ ಬದಲಿ ಆಟಗಾರರನ್ನು ಇಳಿಸಿ ಆಗಿತ್ತು. ಮೂರನೆಯವನಾಗಿ ಬಂದ ಮೊಟ್ಟಾ ಗಾಯವಾಗಿ ಹೊರಗೆ ಹೋದ. ಕೊನೆ ಅರ್ಧ ಗಂಟೆ ಹತ್ತು ಜನ. ಟೊರೆಸ್, ಮಾಟಾ ಗೋಲು ಬಂದಿದ್ದೇ ಆಗ. ಅದರಲ್ಲಿ ಏನು ಆಟ ಇತ್ತು? ನಿನ್ನೆಯೂ ಅಷ್ಟೇ. ಇಂಟರ್‌ನಲ್ಲಿ ಪಾವಾರ್ ಬದಲಿಗೆ ಬಿಸ್ಸೆಕ್ ಬಂದ, ಹತ್ತು ನಿಮಿಷದೊಳಗೆ ಅವನೂ ಕಾಲು ಹಿಡಿದುಕೊಂಡು ಹೋದ.

ಉಳ್ಳಾಲ ವಿಂಗರ್ · ಜೂನ್ 1, 1:00

ಒಂದು ಪ್ರಶ್ನೆ ನಿದ್ದೆಗೆಟ್ಟವರಿಗೆ. ಮೊನ್ನೆ 29ಕ್ಕೆ ನಮ್ಮ ಆರ್‌ಸಿಬಿ ಪಂಜಾಬನ್ನು 101ಕ್ಕೆ ಆಲೌಟ್ ಮಾಡಿ ಹತ್ತೇ ಓವರಿನಲ್ಲಿ ಮುಗಿಸಿತಲ್ಲ. ಆವಾಗ ಬೋರ್ ಆಯಿತಾ? ಟಿವಿ ಆರಿಸಿದಿರಾ?

ನಿದ್ದೆಗೆಟ್ಟವನು · ಜೂನ್ 1, 1:04

ಅದು ಬೇರೆ.

ಉಳ್ಳಾಲ ವಿಂಗರ್ · ಜೂನ್ 1, 1:05

ಹ್ಞಾಂ.

ನೀಲಿಕಪ್ಪು ನಾಗ · ಜೂನ್ 1, 1:20

ಮಂಗಳವಾರದ ಐಪಿಎಲ್ ಫೈನಲ್ಲೂ ಹಂಗೇ ಒನ್ ಸೈಡೆಡ್ ಆಗಲಿ, ನಮ್ಮ ಕಡೆಗೆ. ಒಂದೇ ವಾರದಲ್ಲಿ ಎರಡು ಫೈನಲ್ ಸೋತರೆ ನನ್ನ ಕೈಲಾಗಲ್ಲ.

ಮ್ಯೂನಿಕ್ ಮಲ್ಲಿ · ಜೂನ್ 1, 2:30

ನಾನಿರೋದು ಮ್ಯೂನಿಕ್‌ನಲ್ಲೇ. ಟಿಕೆಟ್ ಸಿಗುವ ಮಾತೇ ಇರಲಿಲ್ಲ. ಆದರೂ ಸಂಜೆ ಸುಮ್ನೆ ಯು6 ಮೆಟ್ರೋ ಹತ್ತಿ ಫ್ರೊಟ್‌ಮಾನಿಂಗ್‌ವರೆಗೆ ಹೋಗಿ ಬಂದೆ. ಒಂದೇ ಬೋಗಿಯಲ್ಲಿ ಎರಡೂ ಕಡೆಯವರು. ಹಾಡು ಕೇಳಿದರೆ ಇಂಟರ್‌ನವರದ್ದೇ ಜೋರು. ಸ್ಟೇಡಿಯಂ ದೂರದಿಂದ ನೋಡಿ ವಾಪಸ್ ಬಂದು ನಮ್ಮ ಬೀದಿಯ ಇಟಾಲಿಯನ್ ಹೋಟೆಲ್ಲಿನಲ್ಲಿ ಮ್ಯಾಚ್ ನೋಡಿದೆ. ಎರಡನೇ ಗೋಲ್ ಆದ ಮೇಲೆ ಓನರ್ ಪಿಜ್ಜಾ ಹಿಟ್ಟು ತಟ್ಟುವುದನ್ನೇ ನಿಲ್ಲಿಸಿದರು. ನಾಲ್ಕನೆಯದಕ್ಕೆ ಟಿವಿ ಸೌಂಡ್ ತೆಗೆದರು. ಬಿಲ್ ಕೊಡೋಕೆ ಹೋದರೆ ಮುಖವನ್ನೇ ನೋಡಲಿಲ್ಲ, ಕೈಯಲ್ಲೇ ಹೋಗಿ ಅಂದರು. ದುಡ್ಡು ಟೇಬಲ್ ಮೇಲಿಟ್ಟು ಬಂದೆ.

ಈ ಊರಿಗೆ ಒಂದು ವಿಚಿತ್ರ ಇದೆ. ಇಲ್ಲಿ ಫೈನಲ್ ನಡೆದಾಗಲೆಲ್ಲ ಹೊಸಬರೇ ಗೆಲ್ಲುತ್ತಾರೆ. 1979 ನಾಟಿಂಗ್‌ಹ್ಯಾಮ್ ಫಾರೆಸ್ಟ್, 1993 ಮಾರ್ಸೆ, 1997 ಡಾರ್ಟ್‌ಮಂಡ್, 2012 ಚೆಲ್ಸಿ. ಎಲ್ಲರಿಗೂ ಅದೇ ಮೊದಲ ಕಪ್ಪು. ಈಗ ಪಿಎಸ್‌ಜಿ. ಮೂರು ಸಲ ಗೆದ್ದ ಇಂಟರ್‌ಗೆ ಊರೇ ಎದುರಾಗಿತ್ತು ಅನ್ನಿ.

ಮ್ಯಾಚ್ ಮುಗಿದ ಮೇಲೆ ಪಿಎಸ್‌ಜಿ ಅಭಿಮಾನಿಗಳು ದೊಡ್ಡ ಬ್ಯಾನರ್ ಬಿಚ್ಚಿದರಲ್ಲ, ಲೂಯಿಸ್ ಎನ್ರಿಕೆ ಮಗಳ ಜೊತೆ ಬಾವುಟ ನೆಡುತ್ತಿರುವ ಚಿತ್ರ. ಕ್ಸಾನಾ 2019ರಲ್ಲಿ ಮೂಳೆ ಕ್ಯಾನ್ಸರ್‌ನಿಂದ ತೀರಿಕೊಂಡ ಮಗು. ಒಂಬತ್ತು ವರ್ಷ. 2015ರಲ್ಲಿ ಬಾರ್ಸಿಲೋನಾ ಗೆದ್ದಾಗ ಆ ಮಗು ನಿಜವಾಗಿಯೂ ಮೈದಾನದಲ್ಲಿ ಬಾವುಟ ಹಿಡಿದು ಅಪ್ಪನ ಜೊತೆ ಇತ್ತು. ಹೋಟೆಲ್ಲಿನಲ್ಲಿ ಇಂಟರ್ ಜರ್ಸಿ ಹಾಕಿಕೊಂಡವರೂ ಆ ಹೊತ್ತಿಗೆ ಸುಮ್ಮನಾದರು. ಟಿವಿ ಆರಿಸಿದವರಿಗೆ ಇದು ಸಿಗಲಿಲ್ಲ.

ಹುಬ್ಬಳ್ಳಿ ಕೋಚಕ್ಕ · ಜೂನ್ 1, 6:15

ನೋಡಿದೆ. ಮೊದಲ ಇಪ್ಪತ್ತು ನಿಮಿಷವನ್ನು ಮೂರು ಸಲ.

ಇಂಟರ್ ಆಡುವುದು 3-5-2, ಅಂದರೆ ಹಿಂದೆ ಮೂವರು, ನಡುವೆ ಐವರು, ಮುಂದೆ ಇಬ್ಬರು. ಎರಡೂ ಅಂಚಿನಲ್ಲಿ ಡುಮ್‌ಫ್ರಿಸ್, ಡಿಮಾರ್ಕೊ. ಬಾರ್ಸಿಲೋನಾವನ್ನು ಒಡೆದಿದ್ದು ಇವರಿಬ್ಬರ ಓಟವೇ, ಅದರಲ್ಲೂ ಡುಮ್‌ಫ್ರಿಸ್. ಎನ್ರಿಕೆ ಮಾಡಿದ್ದು ಸರಳ ಕೆಲಸ. ಡುವೆ, ಕ್ವಾರಾ ಇಬ್ಬರನ್ನೂ ಅಂಚಿನಲ್ಲಿ ನಿಲ್ಲಿಸಿದ. ಹಿಂದಿನಿಂದ ಹಕೀಮಿ, ನುನೊ ಮೆಂಡೆಸ್ ಏರಿ ಬರುತ್ತಾರೆ. ಈಗ ಡಿಮಾರ್ಕೊ ಮುಂದೆ ಹೋಗಲಾ, ಹಿಂದೆ ನಿಲ್ಲಲಾ? ಹಿಂದೆ ನಿಂತ. ಹಿಂದೆ ನಿಂತರೂ ತಪ್ಪಲಿಲ್ಲ. ಮೊದಲ ಗೋಲು ನೋಡಿ. ವಿಟಿನ್ಯಾ ನಡುವಿನಿಂದ ಒಂದು ಸೀಳು ಪಾಸ್ ಕೊಡುತ್ತಾನೆ. ಉಳಿದ ಡಿಫೆಂಡರ್‌ಗಳು ಮುಂದೆ ಬಂದಿದ್ದಾರೆ, ಡಿಮಾರ್ಕೊ ಒಬ್ಬ ಆಳದಲ್ಲಿ ಉಳಿದುಬಿಟ್ಟ. ಅವನಿಂದಾಗಿ ಡುವೆ ಆಫ್‌ಸೈಡ್ ಆಗಲಿಲ್ಲ. ತಿರುಗಿ ಅಡ್ಡಕ್ಕೆ ತಳ್ಳಿದ, ಹಕೀಮಿ ಖಾಲಿ ಗೋಲಿಗೆ ಹಾಕಿದ.

ಎರಡನೆಯದು ಶುರುವಾಗಿದ್ದು ಪಿಎಸ್‌ಜಿಯ ಸ್ವಂತ ಮೂಲೆಯಲ್ಲಿ. ಇಂಟರ್‌ಗೆ ಒಂದು ಕಾರ್ನರ್ ಸಿಗುವ ಹಾಗಿತ್ತು. ಪಾಚೊ ಗೆರೆ ದಾಟಲು ಬಿಡದೆ ಚೆಂಡು ಉಳಿಸಿಕೊಂಡ. ಅಲ್ಲಿಂದ ಕೆಲವೇ ಸೆಕೆಂಡಿನಲ್ಲಿ ಡೆಂಬೆಲೆ ಎಡಗಡೆ ಓಡಿ ಬಲಕ್ಕೆ ದಾಟಿಸಿದ, ಡುವೆ ಹೊಡೆದ, ಡಿಮಾರ್ಕೊ ಮೈಗೆ ತಾಗಿ ಒಳಗೆ. ಪಾಪ, ಎರಡಕ್ಕೂ ಅವನೇ.

ಚೆಂಡು ಇಲ್ಲದಾಗ ಡೆಂಬೆಲೆಯನ್ನು ನೋಡಿ. ಸೊಮ್ಮರ್ ಗೋಲ್ ಕಿಕ್ ಹೊಡೆಯುವ ಮುಂಚೆ ಬಾಕ್ಸ್ ಗೆರೆಯ ಮೇಲೆ ಬಗ್ಗಿ ನಿಂತಿರುತ್ತಾನೆ, ಕಬಡ್ಡಿಯಲ್ಲಿ ರೈಡರ್ ಬರುವಾಗ ನಿಲ್ಲುವ ಹಾಗೆ. ಈ ಸೀಸನ್ನಿನಲ್ಲಿ ಅಷ್ಟು ಗೋಲ್ ಹೊಡೆದ ಸ್ಟಾರ್ ಅವನು, ಕಾವಲುಗಾರನ ಕೆಲಸವನ್ನೂ ಮಾಡುತ್ತಾನೆ. ಇವನು ಓಡಿದರೆ ಉಳಿದ ಹತ್ತು ಜನ ಓಡದೆ ಇರೋಕಾಗುತ್ತಾ? ಎಂಬಾಪೆ ಇದ್ದಾಗ ಇದು ಇರಲಿಲ್ಲ. ನಾಳೆ ನಮ್ಮ ಹುಡುಗಿಯರಿಗೆ ಈ ಮ್ಯಾಚಿನ ಗೋಲು ತೋರಿಸಲ್ಲ, ಇಷ್ಟನ್ನೇ ತೋರಿಸುತ್ತೇನೆ.

ಇಂಟರ್‌ಗೆ ಅವಕಾಶ ಇರಲಿಲ್ಲ ಅಂತಲ್ಲ. ಮೊದಲರ್ಧದಲ್ಲಿ ಕಾರ್ನರ್‌ನಿಂದ ಅಚೆರ್ಬಿ ಒಂದು ಹೆಡ್ಡರ್ ಮೇಲೆ ಹೊಡೆದ, ತುರಾಮ್ ಒಂದನ್ನು ಪಕ್ಕಕ್ಕೆ. ತುರಾಮ್‌ದು ಒಳಗೆ ಹೋಗಿದ್ದರೆ 2-1. ಆಗ ಮ್ಯಾಚ್ ಬೇರೆ ಆಗುತ್ತಿತ್ತು ಅಂತ ನಾಗ ಹೇಳಬಹುದು. ನಾನು 4-1 ಅನ್ನುತ್ತೇನೆ.

ನೀಲಿಕಪ್ಪು ನಾಗ · ಜೂನ್ 1, 7:00

ಹೇಳಲ್ಲ ಅಕ್ಕ. ಇದನ್ನು ಓದಿ ಸ್ವಲ್ಪ ಸಮಾಧಾನ ಆಯಿತು. ನಮ್ಮವರು ಆಡಲೇ ಇಲ್ಲ ಅಂತ ಬೆಳಗಿನಿಂದ ಎಲ್ಲರೂ ಬೈಯುತ್ತಿದ್ದರು. ಆಡೋಕೆ ಬಿಡಲಿಲ್ಲ ಅನ್ನುವುದು ಬೇರೆ ಮಾತು.

2023ರ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಕೈಲಿ 1-0 ಸೋತಾಗ ತುಂಬಾ ಅತ್ತಿದ್ದೆ. ಲುಕಾಕು ಹೆಡ್ಡರ್ ಒಂಚೂರು ಆಚೀಚೆ ಹೋಗಿದ್ದರೆ ಅಂತ ವರ್ಷಗಟ್ಟಲೆ ಕನಸು ಬೀಳುತ್ತಿತ್ತು. ನಿನ್ನೆ ಅಳುವೇ ಬರಲಿಲ್ಲ. ಐದು ಗೋಲಿನಲ್ಲಿ ಯಾವುದನ್ನು ಅಂತ ವಾಪಸ್ ತೆಗೆದುಕೊಳ್ಳಲಿ?

ಆಸ್ಟಿನ್ ಟೌನ್ ಅಂಕಲ್ · ಜೂನ್ 1, 8:20

ನಾಗ ಹೇಳಿದ್ದು ಸರಿ. ನಾನು ಡಿವಿಷನ್ ಲೀಗ್ ಆಡುತ್ತಿದ್ದ ಕಾಲದಲ್ಲಿ ಒಂದು ಮ್ಯಾಚ್ 7-0 ಸೋತಿದ್ದೆವು. ರೈಟ್ ಬ್ಯಾಕ್ ನಾನೇ. ನಾಲ್ಕನೇ ಗೋಲ್ ಆದ ಮೇಲೆ ಹೊಟ್ಟೆಯೊಳಗಿನ ಗಂಟು ಬಿಚ್ಚಿಹೋಗುತ್ತದೆ. ಆಮೇಲೆ ಎದುರಾಳಿ ಹೇಗೆ ಪಾಸ್ ಮಾಡುತ್ತಿದ್ದಾನೆ ಅಂತ ನಾವೇ ನೋಡುತ್ತಾ ನಿಲ್ಲುತ್ತೇವೆ. ಸಂಜೆ ಆ ಟೀಮಿನವರೇ ಬಿರಿಯಾನಿ ತಿನ್ನಿಸಿದರು. ಮರುವರ್ಷ ಅದೇ ಟೀಮಿಗೆ ಕೊನೇ ನಿಮಿಷದ ಪೆನಾಲ್ಟಿಯಲ್ಲಿ 1-0 ಸೋತೆವು. ಆ ಪೆನಾಲ್ಟಿ ಪೆನಾಲ್ಟಿ ಅಲ್ಲ ಅಂತ ಇವತ್ತಿಗೂ ಜಗಳಕ್ಕೆ ಸಿದ್ಧ.

ನಿದ್ದೆಗೆಟ್ಟವನು · ಜೂನ್ 2, 11:30

ಕೋಚಕ್ಕ ಹೇಳಿದರು ಅಂತ ನಿನ್ನೆ ರಾತ್ರಿ ಪೂರ್ತಿ ಮ್ಯಾಚ್ ಮತ್ತೆ ನೋಡಿದೆ. ಮೂರನೇ ಗೋಲಿಗೆ ಡೆಂಬೆಲೆ ಹಿಮ್ಮಡಿಯಲ್ಲಿ ಕೊಟ್ಟ ಪಾಸ್ ಇದೆಯಲ್ಲ, ಅದು ಚೆಂದ. ಅದನ್ನು ಅವತ್ತು ನಿದ್ದೆಗಣ್ಣಿನಲ್ಲಿ ಬಿಟ್ಟಿದ್ದೆ, ಒಪ್ಪುತ್ತೇನೆ.

ಆದರೆ ನನ್ನ ಮಾತು ವಾಪಸ್ ತೆಗೆದುಕೊಳ್ಳಲ್ಲ. ನೀವೆಲ್ಲ ಹೇಳುತ್ತಿರುವುದು ಪಿಎಸ್‌ಜಿ ಎಷ್ಟು ಚೆನ್ನಾಗಿ ಆಡಿತು ಅಂತ. ನಾನು ಕೇಳಿದ್ದು ಫೈನಲ್ ಹೇಗಿತ್ತು ಅಂತ. ಒಬ್ಬರು ಎಷ್ಟೇ ಚೆನ್ನಾಗಿ ಹಾಡಲಿ, ಜುಗಲ್‌ಬಂದಿ ಅಂತ ಟಿಕೆಟ್ ತೆಗೆದುಕೊಂಡವನಿಗೆ ಇನ್ನೊಬ್ಬರ ದನಿಯೂ ಬೇಕು. ಏಪ್ರಿಲ್‌ನಲ್ಲಿ ನಮ್ಮ ಬೆಂಗಳೂರು ಎಫ್‌ಸಿ ಇಂಡಿಯನ್ ಸೂಪರ್ ಲೀಗ್ ಫೈನಲ್‌ನಲ್ಲಿ ಮೋಹನ್ ಬಗಾನ್‌ಗೆ ಎಕ್ಸ್‌ಟ್ರಾ ಟೈಮಿನಲ್ಲಿ 2-1 ಸೋತಿತು. ಅದು ಪಿಎಸ್‌ಜಿ ಮಟ್ಟದ ಆಟ ಅಂತ ಯಾರೂ ಹೇಳಲ್ಲ. ಆದರೂ ಕುರ್ಚಿ ತುದಿಯಲ್ಲಿ ಕೂತಿದ್ದೆ.

ಮ್ಯೂನಿಕ್ ಮಲ್ಲಿ · ಜೂನ್ 2, 1:15

ಇರಲಿ ಬಿಡಿ, ಆಟ ಆಟವೇ. ಫ್ರಾನ್ಸ್‌ನಿಂದ ಸುದ್ದಿ ನೋಡಿದಿರಾ? ಗೆಲುವಿನ ರಾತ್ರಿ ಬೀದಿಗಿಳಿದ ಜನ, ಬೆಂಕಿ, ನೂರಾರು ಬಂಧನ. ಇಬ್ಬರು ಸತ್ತಿದ್ದಾರೆ, ಒಬ್ಬನಿಗೆ ಹದಿನೇಳು ವರ್ಷ. ಗೆದ್ದ ಖುಷಿಯಲ್ಲಿ ಹೀಗೇಕೆ ಆಗುತ್ತದೋ.

ಕ್ಯಾಂಪ್‌ನೌ ಕಿಟ್ಟಿ · ಜೂನ್ 3, 6:40

ಕೋಚ್ ಇಂಜಾಗಿ ಇಂಟರ್ ಬಿಟ್ಟರು. ಸೌದಿಯ ಅಲ್ ಹಿಲಾಲ್ ಅಂತೆ. ನಾಗ, ಇದ್ದೀಯಾ?

ನೀಲಿಕಪ್ಪು ನಾಗ · ಜೂನ್ 3, 6:55

ಇವತ್ತು ಆರ್‌ಸಿಬಿ ಫೈನಲ್. ಬೇರೆ ಸುದ್ದಿ ಬೇಡ.

ಆಸ್ಟಿನ್ ಟೌನ್ ಅಂಕಲ್ · ಜುಲೈ 14, 2025, 7:30

ಜೂನ್ 4ರಂದು ಚಿನ್ನಸ್ವಾಮಿ ಗೇಟಿನ ಹತ್ತಿರ ಹನ್ನೊಂದು ಜನ ಹೋದ ಮೇಲೆ ಫೈನಲ್ಲು, ಗೆಲುವು ಅಂತ ಬರೆಯುವ ಮನಸ್ಸೇ ಬರಲಿಲ್ಲ. ಮಲ್ಲಿಯವರ ಮಾತು ಮತ್ತೆ ಮತ್ತೆ ಓದಿದೆ.

ಇವತ್ತು ಬಂದಿದ್ದೇಕೆ ಅಂದರೆ, ರಾತ್ರಿ ಕ್ಲಬ್ ವಿಶ್ವಕಪ್ ಫೈನಲ್ ನೋಡಿದೆ. ಮತ್ತೆ ಅದೇ ಹನ್ನೆರಡೂವರೆ. ಚೆಲ್ಸಿ 3, ಪಿಎಸ್‌ಜಿ 0. ಮೂರೂ ಮೊದಲರ್ಧದಲ್ಲೇ. ಪಾಮರ್ ಎರಡು, ಜೊವಾವ್ ಪೆಡ್ರೊ ಒಂದು. ನಾಲ್ಕು ದಿನ ಮೊದಲು ರಿಯಲ್ ಮ್ಯಾಡ್ರಿಡ್‌ಗೇ 4-0 ಹೊಡೆದ ಟೀಮು!

ಹುಬ್ಬಳ್ಳಿ ಕೋಚಕ್ಕ · ಜುಲೈ 14, 9:10

ಚೆಲ್ಸಿಯವರು ಮಾಡಿದ್ದು ಪಿಎಸ್‌ಜಿ ಇಂಟರ್‌ಗೆ ಮಾಡಿದ್ದನ್ನೇ. ಮೊದಲ ನಿಮಿಷದಿಂದ ಮೈಮೇಲೆ ಬಿದ್ದರು. ಗೋಲ್‌ಕೀಪರ್‌ನಿಂದ ಉದ್ದ ಚೆಂಡು, ನುನೊ ಮೆಂಡೆಸ್ ಏರಿ ಹೋದಾಗ ಬಿಟ್ಟ ಜಾಗಕ್ಕೆ. ಪಾಮರ್ ಎರಡೂ ಗೋಲು ಆ ಕಡೆಯಿಂದಲೇ. ಈ ಸಲ ಗೋಲನ್ನೂ ತೋರಿಸುತ್ತೇನೆ ಹುಡುಗಿಯರಿಗೆ.

ನಿದ್ದೆಗೆಟ್ಟವನು · ಜುಲೈ 14, 9:40

ಮತ್ತೊಂದು ಪ್ರಾಕ್ಟೀಸ್ ಮ್ಯಾಚ್. ನಾನು ಈ ಸಲ ಬುದ್ಧಿ ಬಂದು ಮಲಗಿದ್ದೆ. ನಾಗ, ನೀನು ಅರ್ಧಕ್ಕೆ ಆರಿಸಿದೆಯಾ?

ನೀಲಿಕಪ್ಪು ನಾಗ · ಜುಲೈ 14, 9:52

ಆರಿಸೋದಾ? ಪೂರ್ತಿ ನೋಡಿದೆ. ಕಪ್ಪು ಕೊಡೋಕೆ ಬಂದ ಟ್ರಂಪ್ ವೇದಿಕೆಯಿಂದ ಇಳಿಯದೆ ಚೆಲ್ಸಿಯವರ ನಡುವೆಯೇ ನಿಂತುಬಿಟ್ಟರಲ್ಲ, ಅಲ್ಲಿವರೆಗೂ ನೋಡಿದೆ. ಅವರು ಇಳಿದ ಮೇಲೆ ಹೈಲೈಟ್ಸ್ ಹಾಕಿಕೊಂಡು ಇನ್ನೊಂದು ಸಲ.